ಕೊಂಬು, ಬಾಲ, ಫಲಕ: ಕಡಲಿನ ಡೈನೋಫ್ಲಾಜೆಲ್ಲೇಟ್‌ಗಳಲ್ಲಿ ಹತ್ತಿರದ ಪ್ರಭೇದಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ

ಮಳೆಗಾಲ ಕಳೆದು ಕಡಲು ಸ್ವಲ್ಪ ತಿಳಿಯಾದ ಮೇಲೆ ನಮ್ಮ ಕರಾವಳಿಯಲ್ಲಿ ಸಣ್ಣ ಕಣ್ಣಿನ ಬಲೆ ಎಳೆದು, ಸಿಕ್ಕಿದ್ದರಲ್ಲಿ ಒಂದು ಹನಿಯನ್ನು ಸ್ಲೈಡಿನ ಮೇಲಿಟ್ಟು ನೋಡಿ. ಕೊಂಬಿನವು, ಬಾಲದವು, ಕೊರಳಪಟ್ಟಿ ಕಟ್ಟಿದವು, ದುಂಡಗಿನವು ಎಲ್ಲವೂ ಸಿಗುತ್ತವೆ. ಇವೇ ಡೈನೋಫ್ಲಾಜೆಲ್ಲೇಟ್‌ಗಳು, ಸೂಕ್ಷ್ಮದರ್ಶಕದಲ್ಲಿ ಮಾತ್ರ ವಿವರ ಕಾಣುವ, ಒಂದೇ ಕೋಶದ ಈಜುವ ಜೀವಿಗಳು. ಇವು ಯಾವ ಕುಲಕ್ಕೆ ಸೇರಿದವು ಎಂದು ಹೇಳುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಯಾವ ಪ್ರಭೇದ ಎಂದು ಹೇಳುವುದಕ್ಕೆ ವರ್ಷಗಳು ಬೇಕು. ಆ ವರ್ಷಗಳನ್ನು ಸ್ವಲ್ಪ ಕಡಿಮೆ ಮಾಡಲೆಂದು ಇದನ್ನು ಬರೆಯುತ್ತಿದ್ದೇನೆ.

ಹೊಸಬರು ಪುಸ್ತಕದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಹೋಲುವ ಚಿತ್ರ ಕಂಡೊಡನೆ ಹೆಸರು ಬರೆದುಬಿಡುತ್ತಾರೆ. ಹೆಚ್ಚಿನ ತಪ್ಪುಗಳು ಹುಟ್ಟುವುದು ಅಲ್ಲೇ. ಚಿತ್ರದಲ್ಲಿರುವುದು ಒಂದು ಕೋಶ, ಒಂದು ಭಂಗಿ, ಒಂದು ವಯಸ್ಸು. ನಿಮ್ಮ ಹನಿಯಲ್ಲಿರುವುದು ಅದೇ ಪ್ರಭೇದವಾದರೂ ನಿನ್ನೆ ರಾತ್ರಿಯಷ್ಟೇ ಇಬ್ಭಾಗವಾಗಿ ಕೊಂಬು ಇನ್ನೂ ಬೆಳೆಯುತ್ತಿರುವ ಕೋಶವಾಗಿರಬಹುದು. ಯಾವ ವ್ಯತ್ಯಾಸ ಪ್ರಭೇದದ್ದು, ಯಾವುದು ವಯಸ್ಸಿನದು, ಯಾವುದು ಬರಿಯ ಭಂಗಿಯದು ಎಂದು ಬೇರ್ಪಡಿಸುವುದರಲ್ಲೇ ಈ ಕೆಲಸವೆಲ್ಲ ಅಡಗಿದೆ.

ಇಷ್ಟು ಹೆಣಗುವುದೇಕೆ ಎಂದು ಕೇಳುವವರಿಗೆ ನಾನು ಕುಂಬಳೆಯ ಹೆಸರು ಹೇಳುತ್ತೇನೆ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯ ಅಳಿವೆಯ ಮರುವಾಯಿ ತಿಂದವರು ಅಸ್ವಸ್ಥರಾದರು, ಒಬ್ಬ ಹುಡುಗ ತೀರಿಕೊಂಡ. ಲಕ್ವ ತರುವ ಈ ವಿಷವನ್ನು ಮರುವಾಯಿ ತಾನಾಗಿ ತಯಾರಿಸುವುದಿಲ್ಲ. ನೀರನ್ನು ಸೋಸಿ ತಿನ್ನುವ ಆ ಚಿಪ್ಪುಜೀವಿಯ ಮೈಯಲ್ಲಿ ಡೈನೋಫ್ಲಾಜೆಲ್ಲೇಟ್‌ಗಳ ವಿಷ ಸಂಗ್ರಹವಾಗುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಒಂದೇ ಕುಲದಲ್ಲಿ ಅಕ್ಕಪಕ್ಕದ ಎರಡು ಪ್ರಭೇದಗಳ ಪೈಕಿ ಒಂದು ವಿಷಕಾರಿಯಾಗಿ, ಇನ್ನೊಂದು ನಿರುಪದ್ರವಿಯಾಗಿ ಇರಬಹುದು. ಆದ್ದರಿಂದ ಹೆಸರಿನಲ್ಲಾಗುವ ತಪ್ಪು ಊಟದ ತಟ್ಟೆಯವರೆಗೂ ಹೋಗಬಲ್ಲದು.

ನೀರು ತರುವಾಗಲೇ ಅರ್ಧ ಕೆಲಸ

20 ಮೈಕ್ರಾನ್ ಕಣ್ಣಿನ ಬಲೆ ಸಾಕು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ದೋಣಿಯ ವೇಗದಲ್ಲಿ ಎಳೆಯಬೇಡಿ. ನಡೆಯುವುದಕ್ಕಿಂತ ನಿಧಾನವಾಗಿ, ಕೆಲವೇ ನಿಮಿಷ ಎಳೆಯಿರಿ. ರಭಸಕ್ಕೆ ಉದ್ದ ಕೊಂಬುಗಳು ಮುರಿಯುತ್ತವೆ. ಮುರಿದ ಕೊಂಬಿನ ಕೋಶ ಇನ್ನೊಂದು ಪ್ರಭೇದದಂತೆ ಕಾಣುತ್ತದೆ. ಎಣಿಕೆ ಮಾಡುವುದಿದ್ದರೆ ಬಲೆಯ ಜೊತೆಗೆ ಬಾಟಲಿಯಲ್ಲಿ ಸಾದಾ ನೀರನ್ನೂ ತನ್ನಿ. ಬಲೆಯ ಕಣ್ಣಿನಿಂದ ಜಾರಿಹೋಗುವ ಸಣ್ಣ ಕೋಶಗಳು ಅದರಲ್ಲಿ ಉಳಿದಿರುತ್ತವೆ.

ತಂದದ್ದನ್ನು ಮೂರು ಪಾಲು ಮಾಡಿ. ಮೊದಲನೆಯದು ಜೀವಂತ ಪಾಲು. ಅದಕ್ಕೆ ಏನನ್ನೂ ಬೆರೆಸದೆ ಬಾಟಲಿಯಲ್ಲಿ ಗಾಳಿಗೆ ಜಾಗ ಬಿಟ್ಟು ನೆರಳಿನಲ್ಲಿ ತಂದು ಕೆಲವೇ ಗಂಟೆಗಳಲ್ಲಿ ನೋಡಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡುವುದು ಬೇಡ, ನಮ್ಮ ಬೆಚ್ಚನೆಯ ಕಡಲಿನ ಕೋಶಗಳು ಆ ಚಳಿಗೆ ಕುಸಿಯುತ್ತವೆ. ಎರಡನೆಯ ಪಾಲಿಗೆ ಲೂಗಾಲ್ ಅಯೋಡಿನ್ ದ್ರಾವಣವನ್ನು ನೀರು ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ಹಾಕಿ, ಕಂದು ಗಾಜಿನ ಬಾಟಲಿಯಲ್ಲಿ ಕತ್ತಲೆಯಲ್ಲಿಡಿ. ಪ್ಲಾಸ್ಟಿಕ್ ಅಯೋಡಿನ್ನನ್ನು ಹೀರಿಕೊಳ್ಳುತ್ತದೆ. ಮೂರನೆಯ ಪಾಲನ್ನು ಸೋಸಿ, ಉಳಿದದ್ದನ್ನು ಶುದ್ಧ ಎಥನಾಲ್‌ನಲ್ಲಿಡಿ. ಇದು ಡಿಎನ್‌ಎ ಪರೀಕ್ಷೆಗೆ. ಆ ಪರೀಕ್ಷೆ ಬೇಕೇ ಬೇಡವೇ ಎಂದು ಇವತ್ತು ಗೊತ್ತಿರುವುದಿಲ್ಲ, ಗೊತ್ತಾಗುವ ದಿನ ನೀರು ಉಳಿದಿರುವುದಿಲ್ಲ.

ಜೀವಂತ ಪಾಲನ್ನು ಬಿಟ್ಟು ನೇರವಾಗಿ ಲೂಗಾಲ್ ಬಾಟಲಿಗೆ ಹೋಗುವ ಅಭ್ಯಾಸ ಬಹಳ ಕಡೆ ಇದೆ. ನನಗೆ ಅದು ಸರಿಕಾಣುವುದಿಲ್ಲ. ಅಯೋಡಿನ್ ಎಲ್ಲವನ್ನೂ ಕಂದು ಮಾಡುತ್ತದೆ. ಬೆಳಕಿನಿಂದ ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್ ಎಂಬ ಬಣ್ಣದ ಕಣ ಕೋಶದಲ್ಲಿ ಇತ್ತೋ ಇಲ್ಲವೋ, ಇದ್ದರೆ ಹೊಂಬಣ್ಣವೋ ಹಸಿರೋ ಎಂಬುದು ಅಳಿಸಿಹೋಗುತ್ತದೆ. ಗಟ್ಟಿ ಹೊರಕವಚವಿಲ್ಲದ ಕರೇನಿಯಾ, ಅಕಾಶಿವೋ ತರಹದ ಕುಲದವು ಊದಿಕೊಂಡು ಗುರುತು ಸಿಗದ ಉಂಡೆಗಳಾಗುತ್ತವೆ. ಈಜುವ ರೀತಿಯೂ ಒಂದು ಗುರುತು. ಅದು ಜೀವ ಇರುವವರೆಗೆ ಮಾತ್ರ ಸಿಗುತ್ತದೆ.

ಅಳತೆಗೋಲನ್ನು ಮೊದಲು ಸರಿಮಾಡಿ

ಐಪೀಸಿನೊಳಗಿನ, ಅಂದರೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುವ ಮಸೂರದೊಳಗಿನ, ಅಳತೆಪಟ್ಟಿಯ ಗೆರೆಗೆ ತನ್ನದೇ ಆದ ಬೆಲೆ ಇಲ್ಲ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿರುವ ಸ್ಟೇಜ್ ಮೈಕ್ರೋಮೀಟರನ್ನು ಕೆಳಗಿಟ್ಟು, ಅದರ ಒಂದು ಗೆರೆ 10 ಮೈಕ್ರಾನ್ ಎಂಬ ಲೆಕ್ಕದಲ್ಲಿ ಹೊಂದಿಸಿಕೊಳ್ಳಬೇಕು. ಮಸೂರ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಆದ್ದರಿಂದ ಪ್ರತಿ ಮಸೂರಕ್ಕೂ ಬೇರೆಯಾಗಿ ಮಾಡಿ ಸೂಕ್ಷ್ಮದರ್ಶಕದ ಬುಡಕ್ಕೆ ಒಂದು ಚೀಟಿ ಅಂಟಿಸಿಡಿ.

ಒಂದೇ ಕೋಶ ಅಳೆದು ತೃಪ್ತರಾಗಬೇಡಿ. ಇಪ್ಪತ್ತು ಮೂವತ್ತು ಕೋಶಗಳ ಉದ್ದ ಅಗಲ ಬರೆದಿಟ್ಟರೆ, ನಿಮ್ಮ ಮುಂದಿರುವುದು ಒಂದೇ ಗುಂಪೋ ಎರಡೋ ಎಂಬುದನ್ನು ಅಂಕಿಗಳೇ ಹೇಳತೊಡಗುತ್ತವೆ.

ಎದೆಬದಿ ಯಾವುದು, ಬೆನ್ನುಬದಿ ಯಾವುದು

ಈ ಹೆಜ್ಜೆಯನ್ನು ದಾಟಿದವರಿಗೆ ಮುಂದಿನದು ಸುಲಭ. ಡೈನೋಫ್ಲಾಜೆಲ್ಲೇಟ್‌ಗೆ ಎರಡು ಕಶಾಂಗಗಳು, ಅಂದರೆ ಈಜಲು ಬಳಸುವ ಚಾಟಿಯಂಥ ಎಳೆಗಳು. ಒಂದು ಉಡಿದಾರದಂತೆ ನಡುವನ್ನು ಸುತ್ತುವ ತೋಡಿನಲ್ಲಿ ಅಲೆಯಾಡುತ್ತದೆ. ಇನ್ನೊಂದು ಉದ್ದ ತೋಡಿನಿಂದ ಹಿಂದಕ್ಕೆ ಇಳಿಬಿದ್ದಿರುತ್ತದೆ. ಎರಡು ತೋಡುಗಳು ಕೂಡುವ ಬದಿಯೇ ಎದೆಬದಿ. ಕೋಶ ಎದೆಬದಿಯನ್ನು ನಿಮಗೆ ತೋರಿಸುತ್ತಿದ್ದರೆ ಅದರ ಎಡಗೈ ನಿಮ್ಮ ಬಲಕ್ಕಿರುತ್ತದೆ, ಎದುರು ನಿಂತ ಮನುಷ್ಯನ ಹಾಗೆ. ಗ್ರಂಥಗಳು ಎಡ ಎಂದಾಗ ಅದು ಕೋಶದ ಎಡ, ನೋಡುವವರ ಎಡವಲ್ಲ.

ಗೊಂದಲವಾಗುವುದು ಎಲ್ಲಿ ಎಂದರೆ, ಈ ಕೋಶಗಳು ಪಾರದರ್ಶಕ. ಬೆನ್ನು ಮೇಲಾಗಿ ಮಲಗಿದ ಕೋಶದ ಮೇಲೆ ಫೋಕಸ್ ಸ್ವಲ್ಪ ಆಳಕ್ಕೆ ಹೋದರೆ ಎದೆಬದಿಯ ಗೆರೆಗಳು ಒಳಗಿನಿಂದ ಕಾಣುತ್ತವೆ, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ. ಮೇಲಿನಿಂದ ಫೋಕಸ್ ಇಳಿಸುತ್ತಾ ಯಾವ ಮೇಲ್ಮೈ ಮೊದಲು ಸ್ಪಷ್ಟವಾಯಿತು ಎಂದು ಪ್ರತಿ ಸಲವೂ ಬರೆದುಕೊಳ್ಳಿ. ಬಹಳಷ್ಟು ಕವಚಧಾರಿಗಳಲ್ಲಿ ನಡುತೋಡಿನ ಎಡತುದಿ ಮೇಲೆ, ಬಲತುದಿ ಕೆಳಗೆ ಇರುತ್ತದೆ. ಅಂದರೆ ಎದೆಬದಿಯಿಂದ ನೋಡುವಾಗ ನಿಮ್ಮ ಬಲಗಡೆಯ ತುದಿ ಎತ್ತರದಲ್ಲಿರಬೇಕು. ಹಾಗಿಲ್ಲದಿದ್ದರೆ ನೀವು ಬೆನ್ನಿನ ಮೂಲಕ ನೋಡುತ್ತಿದ್ದೀರಿ ಎಂದು ಮೊದಲು ಅನುಮಾನಿಸಿ.

ಸೂಕ್ಷ್ಮದರ್ಶಕ ಚಿತ್ರವನ್ನು ತಲೆಕೆಳಗು ಮಾಡುತ್ತದೆ, ಆದರೆ ಅದು ಬರಿಯ ತಿರುಗಿಸುವಿಕೆ, ಎಡಬಲದ ಸಂಬಂಧ ಕೆಡುವುದಿಲ್ಲ. ಮೊಬೈಲ್ ಜೋಡಿಸುವ ಕೆಲವು ಸಾಧನಗಳು ಮಾತ್ರ ಕನ್ನಡಿಯಂತೆ ಬಿಂಬವನ್ನು ಮಗುಚುತ್ತವೆ. ಪತ್ರಿಕೆಯ ಚೂರಿನಲ್ಲಿ ಅಚ್ಚಾದ ಒಂದು ಅಕ್ಷರವನ್ನು ಸ್ಲೈಡಿನ ಮೇಲಿಟ್ಟು ಫೋಟೋ ತೆಗೆದು ನೋಡಿ. ತಿರುಗಿಸಿದರೆ ಓದಲು ಬರುತ್ತದೆಯಾದರೆ ಸರಿ ಇದೆ.

ಕೋಶವನ್ನು ಹೊರಳಿಸುವುದು ಕೈಯ ಕೆಲಸ. ಕವರ್ ಸ್ಲಿಪ್ಪಿನ ನಾಲ್ಕು ಮೂಲೆಗಳಿಗೆ ವ್ಯಾಸಲೀನಿನ ಸಣ್ಣ ಚುಕ್ಕೆ ಇಟ್ಟು ಹನಿಯ ಮೇಲೆ ಇಳಿಸಿ, ಆಗ ಕೆಳಗೆ ಕೋಶ ಹೊರಳಲು ಜಾಗವಿರುತ್ತದೆ. ಆಮೇಲೆ ಐಪೀಸಿನಿಂದ ಕಣ್ಣು ತೆಗೆಯದೆ ಸೂಜಿಯ ಮೊನೆಯಿಂದ ಕವರ್ ಸ್ಲಿಪ್ಪಿನ ಅಂಚನ್ನು ಮೆಲ್ಲಗೆ ತಟ್ಟಿ. ಎರಡನೆಯದೋ ಮೂರನೆಯದೋ ತಟ್ಟಿಗೆ ಕೋಶ ಸೋಮಾರಿಯಂತೆ ಒಂದು ಮಗ್ಗುಲು ಬದಲಿಸುತ್ತದೆ. ಚಪ್ಪಟೆ ಎಂದುಕೊಂಡದ್ದು ಬೋಗುಣಿಯಂತೆ ತಗ್ಗಾಗಿ ಕಾಣುತ್ತದೆ, ಎರಡು ಕೊಂಬು ಎಂದುಕೊಂಡಲ್ಲಿ ಮೂರನೆಯದು ಹಿಂದಿನಿಂದ ಇಣುಕುತ್ತದೆ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಮೂರು ಭಂಗಿಗಳನ್ನು ಬರೆಯಿರಿ. ಚಿತ್ರ ಚಂದವಾಗಬೇಕಾಗಿಲ್ಲ. ಬರೆಯುವ ಕೈ ನೋಡದ ಕಣ್ಣನ್ನು ನೋಡುವಂತೆ ಮಾಡುತ್ತದೆ.

ಕೊರಳಪಟ್ಟಿಯವು: ಡೈನೋಫೈಸಿಸ್

ನಮ್ಮ ಕರಾವಳಿಯ ಬಲೆಯಲ್ಲಿ ಡೈನೋಫೈಸಿಸ್ ಕಾಡೇಟಾ ಹೊಸಬರಲ್ಲ. ಪಕ್ಕದಿಂದ ಅದುಮಿದಂತಹ ಮೈ, ತಲೆಯ ಭಾಗ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು, ಅದರ ಸುತ್ತ ಲಾಳಿಕೆಯಂತೆ ಅರಳಿದ ಕೊರಳಪಟ್ಟಿ. ಎದೆಬದಿಯಲ್ಲಿ ಮೂರು ಕಡ್ಡಿಗಳು ಹಿಡಿದು ನಿಲ್ಲಿಸಿದ ತೆಳು ರೆಕ್ಕೆ. ಕಾಡೇಟಾ ಎಂದರೆ ಬಾಲವುಳ್ಳದ್ದು. ಮೈಯ ಬುಡದಲ್ಲಿ, ಎದೆಬದಿಯ ಕಡೆಗೆ, ಬೆರಳಿನಂಥ ಒಂದೇ ಒಂದು ಚಾಚು ಇಳಿದಿರುತ್ತದೆ. ಒಟ್ಟು ಉದ್ದ ಸುಮಾರು 70ರಿಂದ 110 ಮೈಕ್ರಾನ್.

ಇದರ ಹತ್ತಿರದ ನೆಂಟ ಡೈನೋಫೈಸಿಸ್ ಟ್ರೈಪೋಸ್. ಇದಕ್ಕೆ ಬುಡದಲ್ಲಿ ಎರಡು ಚಾಚುಗಳು, ಎದೆಬದಿಯದು ಉದ್ದ, ಬೆನ್ನುಬದಿಯದು ಗಿಡ್ಡ. ಮೂರನೆಯದು ಡೈನೋಫೈಸಿಸ್ ಮೈಲ್ಸ್, ಭಾರತೀಯ ಮತ್ತು ಪೆಸಿಫಿಕ್ ಸಾಗರಗಳ ಬೆಚ್ಚನೆಯ ನೀರಿನದು. ಇವೆರಡಕ್ಕಿಂತ ದೊಡ್ಡದು. ಅದರ ಎರಡು ಚಾಚುಗಳೂ ತೆಳ್ಳಗೆ ಉದ್ದವಾಗಿ, ನಡುವೆ ಅಗಲವಾದ ಕೋನ ಬಿಟ್ಟು ಚಾಚಿರುತ್ತವೆ. ಬೆನ್ನಿನ ಚಾಚಿನ ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಗುಂಪಾಗಿಯೂ ಸಿಗುತ್ತದೆ. ಮೈಲ್ಸನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಎಡವುವುದು ಕಾಡೇಟಾ ಮತ್ತು ಟ್ರೈಪೋಸ್ ನಡುವೆ. ಕಾಡೇಟಾದ ಬೆನ್ನಿನ ಗೆರೆ ಬುಡಕ್ಕೆ ಬರುವಾಗ ಉಬ್ಬಿ, ಬಾಲ ಆರಂಭವಾಗುವ ಮುನ್ನ ಒಂದು ಭುಜದಂತೆ ತಿರುಗುತ್ತದೆ. ಕೆಲವು ಕೋಶಗಳಲ್ಲಿ ಆ ಭುಜ ಚೂಪಾಗಿ, ಗಿಡ್ಡ ಚಾಚಿನಂತೆಯೇ ತೋರುತ್ತದೆ. ನಾನು ಆರಂಭದ ವರ್ಷಗಳಲ್ಲಿ ಇಂಥ ಕೋಶಗಳನ್ನು ಟ್ರೈಪೋಸ್ ಎಂದು ಎಣಿಸಿ, ಒಂದು ಇಡೀ ಋತುವಿನ ಪಟ್ಟಿಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಅಂದಿನಿಂದ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಎರಡು ಚಾಚುಗಳ ನಡುವೆ ಒಳಕ್ಕೆ ಬಾಗಿದ ತಗ್ಗು ಇದೆಯೇ? ತಗ್ಗು ಇದ್ದು, ಗಿಡ್ಡ ಚಾಚಿಗೆ ತನ್ನದೇ ತುದಿ ಇದ್ದರೆ ಟ್ರೈಪೋಸ್. ಗೆರೆ ಬರಿಯ ಕೋನವಾಗಿ ತಿರುಗಿ ಬಾಲಕ್ಕೆ ಇಳಿದಿದ್ದರೆ ಕಾಡೇಟಾ.

ಬೆಳಗಿನ ಹೊತ್ತು ತಂದ ನೀರಿನಲ್ಲಿ ಇನ್ನೊಂದು ದೃಶ್ಯ ಕಾಣಬಹುದು. ಎರಡು ಕಾಡೇಟಾಗಳು ಬೆನ್ನಿಗೆ ಬೆನ್ನು ಅಂಟಿಸಿಕೊಂಡು, ಬಾಲಗಳನ್ನು ಆಚೆ ಈಚೆ ಇಟ್ಟುಕೊಂಡು ತೇಲುತ್ತಿರುತ್ತವೆ. ಅದು ಈಗಷ್ಟೇ ಇಬ್ಭಾಗವಾದ ಜೋಡಿ. ಈ ಕುಲದಲ್ಲಿ ತಾಯಿಯ ಕವಚವನ್ನು ಎರಡು ಮಕ್ಕಳೂ ಅರ್ಧರ್ಧ ಹಂಚಿಕೊಂಡು, ಉಳಿದರ್ಧವನ್ನು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಹೊಸ ಅರ್ಧದಲ್ಲಿ ರೆಕ್ಕೆಯ ಕಡ್ಡಿ ಪೂರ್ತಿ ಮೂಡಿರುವುದಿಲ್ಲ. ರೆಕ್ಕೆ ಗಿಡ್ಡ ಎಂಬ ಕಾರಣಕ್ಕೆ ಬೇರೆ ಹೆಸರು ಕೊಡುವ ಮುನ್ನ ಮಧ್ಯಾಹ್ನದ ನೀರನ್ನೂ ತಂದು ನೋಡಬೇಕು.

ಇದಕ್ಕಿಂತ ದೊಡ್ಡ ಪಾಠವನ್ನು ಈ ಕುಲ ಇಡೀ ವಿಜ್ಞಾನಕ್ಕೇ ಕಲಿಸಿತು. ಡೈನೋಫೈಸಿಸ್ ಡೀಗೆನ್ಸಿಸ್, ಡೈನೋಫೈಸಿಸ್ ಡೆನ್ಸ್, ಡೈನೋಫೈಸಿಸ್ ಸ್ಕಾಗಿ ಎಂದು ಪ್ರತ್ಯೇಕ ಹೆಸರು ಪಡೆದಿದ್ದ ರೂಪಗಳು ಕ್ರಮವಾಗಿ ಕಾಡೇಟಾ, ಅಕ್ಯೂಟಾ, ಅಕ್ಯೂಮಿನೇಟಾಗಳ ಜೀವನಚಕ್ರದಲ್ಲಿ ಬರುವ ಸಣ್ಣ ಕೋಶಗಳು ಎಂದು ಆಮೇಲೆ ತಿಳಿಯಿತು. ಒಂದರ್ಧ ದೊಡ್ಡ ಕೋಶದಂತೆಯೂ ಇನ್ನೊಂದರ್ಧ ಸಣ್ಣ ಕೋಶದಂತೆಯೂ ಇರುವ ಜೋಡಿಗಳು ಸಿಕ್ಕಿದ್ದೇ ಅದಕ್ಕೆ ಸುಳಿವು. ನಿಮ್ಮ ಸ್ಲೈಡಿನಲ್ಲಿ ನೂರು ಕಾಡೇಟಾಗಳ ನಡುವೆ ಬಾಲ ಸವೆದಂತಹ ನಾಲ್ಕು ಸಣ್ಣ ಕೋಶಗಳಿದ್ದರೆ ಅವನ್ನು ಹೊಸ ಪ್ರಭೇದವೆನ್ನದೆ, ಸಣ್ಣ ಕೋಶ ಎಂದು ಬೇರೆ ಸಾಲಿನಲ್ಲಿ ಎಣಿಸಿ.

ಬಾಲವಿಲ್ಲದ, ಮೊಟ್ಟೆಯಾಕಾರದ ಅಕ್ಯೂಮಿನೇಟಾ, ಸ್ಯಾಕ್ಯುಲಸ್, ಓವಮ್ ಇವು ಒಂದಕ್ಕೊಂದು ಎಷ್ಟು ಹತ್ತಿರವೆಂದರೆ ಅನುಭವಿಗಳೂ ‘ಅಕ್ಯೂಮಿನೇಟಾ ಸಮೂಹ’ ಎಂದು ಬರೆದು ನಿಲ್ಲುತ್ತಾರೆ. ಹಾಗೆ ಬರೆಯುವುದರಲ್ಲಿ ಕೊರತೆಯೇನೂ ಇಲ್ಲ. ಆದರೆ ಫಲಕ್ರೋಮಾ ರೊಟಂಡೇಟಮ್ ಎಂಬ ದುಂಡಗಿನದನ್ನು ಅವುಗಳ ಜೊತೆ ಸೇರಿಸಬಾರದು. ಅದಕ್ಕೆ ಸ್ವಂತ ಕ್ಲೋರೋಪ್ಲಾಸ್ಟ್ ಇಲ್ಲ, ಜೀವಂತ ಕೋಶ ಬಣ್ಣವಿಲ್ಲದೆ ತಿಳಿಯಾಗಿರುತ್ತದೆ. ಡೈನೋಫೈಸಿಸ್‌ನಲ್ಲಾದರೋ ಕ್ಲೋರೋಪ್ಲಾಸ್ಟ್‌ಗಳು ಇರುತ್ತವೆ, ಅದೂ ಕದ್ದ ಮಾಲು. ಮೆಸೋಡಿನಿಯಮ್ ಎಂಬ ಸಿಲಿಯೇಟನ್ನು (ಸಣ್ಣ ರೋಮಗಳಿಂದ ಈಜುವ ಒಂಟಿಕೋಶದ ಜೀವಿ) ಹೀರಿ, ಆ ಸಿಲಿಯೇಟ್ ಇನ್ನೊಂದು ಪಾಚಿಯಿಂದ ಪಡೆದಿದ್ದನ್ನು ಇದು ಇಟ್ಟುಕೊಳ್ಳುತ್ತದೆ. ಒಂದು ಬಣ್ಣದ ಬೆಳಕು ಬೀರಿ ಅದರಿಂದ ಹೊಳೆಯುವ ಇನ್ನೊಂದು ಬಣ್ಣವನ್ನು ತೋರಿಸುವ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಅದು ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ಜೀವಂತ ಪಾಲನ್ನು ನೋಡಿ ಎಂದು ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಕೊಂಬಿನವು: ಟ್ರೈಪೋಸ್

ಹಳೆಯ ಪುಸ್ತಕಗಳಲ್ಲಿ ಇವನ್ನು ಸಿರೇಷಿಯಮ್ ಎಂದು ಓದಿರುತ್ತೀರಿ. ಕೆರೆಯಲ್ಲಿರುವ ಸಿರೇಷಿಯಮ್‌ಗಳ ನಡುತೋಡಿನಲ್ಲಿ ಕವಚದ ಆರು ತುಂಡು, ಅಂದರೆ ಫಲಕ, ಕಡಲಿನವುಗಳಲ್ಲಿ ಐದು ಎಂಬ ಕಾರಣಕ್ಕೆ 2010ರಲ್ಲಿ ಕಡಲಿನವನ್ನು ನಿಯೋಸಿರೇಷಿಯಮ್ ಎಂದು ಬೇರ್ಪಡಿಸಿದರು. ಟ್ರೈಪೋಸ್ ಎಂಬ ಇನ್ನೂ ಹಳೆಯ ಹೆಸರಿಗೆ ಆದ್ಯತೆ ಇದೆ ಎಂದು 2013ರಲ್ಲಿ ಹೆಸರು ಮತ್ತೆ ಬದಲಾಯಿತು. ಮೂರೂ ಹೆಸರುಗಳು ವರದಿಗಳಲ್ಲಿ ಓಡಾಡುತ್ತಿವೆ. ಮೇಲೆ ಹೇಳಿದ ಡೈನೋಫೈಸಿಸ್ ಟ್ರೈಪೋಸ್ ಬೇರೆ, ಇದು ಬೇರೆ. ಎರಡೂ ಕಡೆ ಅರ್ಥ ಮಾತ್ರ ಒಂದೇ, ಮುಕ್ಕಾಲಿ.

ಮೊದಲು ಕೊಂಬುಗಳ ಲೆಕ್ಕ. ತಲೆಯಲ್ಲಿ ಒಂದು, ಬುಡದಲ್ಲಿ ಎರಡು. ಬುಡದ ಎರಡೂ ಕೊಂಬುಗಳು ಹಿಂದಕ್ಕೇ ಚಾಚಿದ್ದರೆ ಕವೆಗೋಲಿನ ಗುಂಪು. ಟ್ರೈಪೋಸ್ ಫರ್ಕಾ ಇದರ ಮಾದರಿ, ಫರ್ಕಾ ಎಂದರೆ ಕವೆಯೇ. ಇದರಲ್ಲಿ ಮೇಲ್ಕವಚ, ಅಂದರೆ ನಡುತೋಡಿನಿಂದ ತಲೆಯ ಕಡೆಗಿನ ಕವಚ, ನಿಧಾನವಾಗಿ ಸಪುರವಾಗುತ್ತಾ ಎಲ್ಲಿ ಮೈ ಮುಗಿದು ಎಲ್ಲಿ ಕೊಂಬು ಆರಂಭವಾಯಿತು ಎಂದು ಗೊತ್ತಾಗದಂತೆ ತಲೆಕೊಂಬಾಗುತ್ತದೆ. ಅದರ ನೆಂಟ ಟ್ರೈಪೋಸ್ ಕ್ಯಾಂಡೆಲಾಬ್ರಸ್‌ನಲ್ಲಿ ಮೈ ಅಗಲ, ಕೊಂಬು ಥಟ್ಟನೆ ಎದ್ದುನಿಲ್ಲುತ್ತದೆ. ಫರ್ಕಾದ ಬುಡದ ಕೊಂಬುಗಳಲ್ಲಿ ಎಡದ್ದು ಉದ್ದ. ಇದು ಭಂಗಿ ತಿಳಿಯುವುದಕ್ಕೂ ಒಳ್ಳೆಯ ಗುರುತು: ಉದ್ದ ಕೊಂಬು ನಿಮ್ಮ ಎಡಕ್ಕೆ ಕಂಡರೆ ಕೋಶ ಬೆನ್ನು ಮೇಲಾಗಿ ಮಲಗಿದೆ.

ಬುಡದ ಕೊಂಬುಗಳಲ್ಲಿ ಒಂದು ಬಹುತೇಕ ಇಲ್ಲವಾಗಿ, ಇಡೀ ಕೋಶ ಕದಿರಿನಂತೆ ಕಂಡರೆ ಅದು ಟ್ರೈಪೋಸ್ ಫ್ಯೂಸಸ್. ಆ ಪದದ ಅರ್ಥವೂ ಕದಿರು. ಅದು ಮೆಲ್ಲಗೆ ಬಿಲ್ಲಿನಂತೆ ಬಾಗಿರುತ್ತದೆ. ಅದೇ ಆಕಾರ ಹೆಚ್ಚು ನೇರವಾಗಿ, ಒಂದು ಮಿಲಿಮೀಟರ್ ದಾಟುವಷ್ಟು ಉದ್ದವಾಗಿದ್ದರೆ ಟ್ರೈಪೋಸ್ ಎಕ್ಸ್‌ಟೆನ್ಸಸ್. ಉದ್ದವೊಂದನ್ನೇ ನಂಬಬೇಡಿ, ಎಕ್ಸ್‌ಟೆನ್ಸಸ್ ಮುರಿದರೆ ಅಳತೆಯಲ್ಲಿ ಫ್ಯೂಸಸ್ ಆಗುತ್ತದೆ. ತುದಿ ಪೂರ್ತಿ ಇದೆಯೇ ಎಂದು ನೋಡಿ. ಮುರಿದ ತುದಿ ಹರಿದ ನಳಿಗೆಯಂತೆ ತೆರೆದಿರುತ್ತದೆ.

ಬುಡದ ಕೊಂಬುಗಳು ತಿರುಗಿ ತಲೆಯ ಕಡೆಗೆ ಬಾಗಿದ್ದರೆ ಲಂಗರಿನ ಗುಂಪು. ಇದರಲ್ಲೇ ಪ್ರಭೇದಗಳು ಹೆಚ್ಚು, ಜಗಳವೂ ಹೆಚ್ಚು. ಇಲ್ಲಿ ನೋಡಬೇಕಾದ್ದು ಕೊಂಬು ಮೈಯಿಂದ ಹೊರಡುವ ಜಾಗವನ್ನು, ತುದಿಯನ್ನಲ್ಲ. ಟ್ರೈಪೋಸ್ ಮ್ಯಾಕ್ರೋಸೆರೋಸ್‌ನಲ್ಲಿ ಕೊಂಬುಗಳು ಮೊದಲು ಕೆಳಕ್ಕೆ ಇಳಿದು, ಆಮೇಲೆ ತಿರುವು ತೆಗೆದುಕೊಂಡು ಮೇಲೇಳುತ್ತವೆ. ಟ್ರೈಪೋಸ್ ಟ್ರೈಕೋಸೆರೋಸ್‌ನಲ್ಲಿ ಮೈ ಸಣ್ಣದು, ಕೊಂಬುಗಳು ಕೂದಲಿನಂತೆ ತೆಳ್ಳಗೆ, ಮೇಲೆ ತಿರುಗಿದ ಮೇಲೆ ತಲೆಕೊಂಬಿಗೆ ಸಮಾನಾಂತರವಾಗಿ ಹೋಗುತ್ತವೆ. ತುದಿಗಳು ಮುರಿದಿದ್ದರೂ ಬುಡದ ತಿರುವು ಉಳಿದಿರುತ್ತದೆ. ಆದ್ದರಿಂದ ಅದನ್ನೇ ಆಧಾರ ಮಾಡಿಕೊಳ್ಳಿ.

ಈ ಕುಲವೂ ಕವಚವನ್ನು ಓರೆಯಾಗಿ ಸೀಳಿಕೊಂಡು ಮಕ್ಕಳಿಗೆ ಹಂಚುತ್ತದೆ. ಬೆಳಗಿನ ಜಾವದ ನಂತರ ತಂದ ನೀರಿನಲ್ಲಿ ಒಂದು ಕೊಂಬು ಒರಟಾಗಿ ದಪ್ಪಗಿದ್ದು, ಇನ್ನೊಂದು ಮೊಳಕೆಯಂತೆ ನಯವಾಗಿ ಗಿಡ್ಡಗಿರುವ ಕೋಶಗಳು ಸಿಗುತ್ತವೆ. ಒಂದು ಸಲ ಇಬ್ಬರು ವಿದ್ಯಾರ್ಥಿಗಳು ಒಂದೇ ಸ್ಲೈಡನ್ನು ಎಣಿಸಿ, ಒಬ್ಬರು ಒಂದು ಪ್ರಭೇದ, ಇನ್ನೊಬ್ಬರು ಮೂರು ಪ್ರಭೇದ ಎಂದು ಬರೆದು ತಂದರು. ಮೂರೂ ಫರ್ಕಾಗಳೇ: ಒಂದು ಬೆಳೆದದ್ದು, ಒಂದು ತಲೆಕೊಂಬು ಮೂಡುತ್ತಿರುವುದು, ಒಂದು ಬುಡದ ಕೊಂಬು ಮೂಡುತ್ತಿರುವುದು. ಹೊಸ ಅರ್ಧದ ಕವಚ ತೆಳ್ಳಗೆ, ರಂಧ್ರ ಮತ್ತು ಗೆರೆಗಳು ಮಸುಕಾಗಿ ಇರುತ್ತವೆ. ಆ ಗಡಿ ಕಾಣಿಸಿದರೆ ಕೋಶ ಎಳೆಯದು ಎಂದು ತಿಳಿಯಿರಿ.

ಬಣ್ಣದ ವಿಷಯಕ್ಕೂ ಇದೇ ಎಚ್ಚರ ಬೇಕು. 2020ರ ನವೆಂಬರಿನಲ್ಲಿ ಉಡುಪಿ ಜಿಲ್ಲೆಯ ಕಡಲತೀರಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ನಾಕ್ಟಿಲೂಕಾ ಎಂಬ ಡೈನೋಫ್ಲಾಜೆಲ್ಲೇಟ್‌ನ ಹೆಸರು ಎಲ್ಲರ ಬಾಯಿಗೂ ಬಂತು. ಅದರಲ್ಲಿ ಕೆಂಪು, ಹಸಿರು ಎಂದು ಎರಡು ರೂಪಗಳಿವೆ. ಹಸಿರಿನದು ಒಳಗೆ ಬೇರೆ ಸೂಕ್ಷ್ಮ ಪಾಚಿಯನ್ನು ಸಾಕಿಕೊಂಡಿರುತ್ತದೆ, ಕೆಂಪಿನದು ಸಾಕಿಕೊಂಡಿರುವುದಿಲ್ಲ. ಎರಡಕ್ಕೂ ಒಂದೇ ಹೆಸರು, ನಾಕ್ಟಿಲೂಕಾ ಸಿಂಟಿಲಾನ್ಸ್.

ಪ್ರೋರೊಸೆಂಟ್ರಮ್: ಚುಟುಕಾಗಿ

ಇದಕ್ಕೆ ಉಡಿದಾರವೂ ಇಲ್ಲ, ಉದ್ದ ತೋಡೂ ಇಲ್ಲ. ಬಟ್ಟಲುಗಳಂಥ ಎರಡು ಕವಾಟಗಳು, ಕಶಾಂಗಗಳೆರಡೂ ತಲೆಯಿಂದಲೇ ಹೊರಡುತ್ತವೆ, ಪಕ್ಕದಲ್ಲಿ ಒಂದು ಮುಳ್ಳು. ಮೈಕಾನ್ಸ್ ಹೃದಯದಾಕಾರ, ನಡುವೆ ಅಗಲ. ಗ್ರಾಸಿಲೆ ಅದೇ ಮುಖದ್ದು, ಆದರೆ ಉದ್ದ ಅಗಲದ ಎರಡರಷ್ಟನ್ನು ಮೀರುತ್ತದೆ, ಮುಳ್ಳೂ ಉದ್ದ. ಸಿಗ್ಮಾಯ್ಡಿಸ್ ಹಾವಿನಂತೆ ಎರಡು ಕಡೆ ಬಾಗಿದೆ. ಟ್ರೈಯೆಸ್ಟಿನಮ್ ಇವುಗಳ ಅರ್ಧವೂ ಇಲ್ಲ, ಸುಮಾರು 20 ಮೈಕ್ರಾನ್. ಇಲ್ಲಿ ಉದ್ದ ಅಗಲಗಳ ಅನುಪಾತವೇ ಮುಖ್ಯ. ಮೂವತ್ತು ಕೋಶ ಅಳೆದರೆ ಸಂದೇಹ ಬಹುಪಾಲು ತೀರುತ್ತದೆ. ಆದರೆ ಕವಾಟದ ಅಗಲ ಮುಖ ನಿಮ್ಮ ಕಡೆಗಿರುವ ಕೋಶಗಳನ್ನು ಮಾತ್ರ ಅಳೆಯಿರಿ. ಅಂಚಿನ ಮೇಲೆ ನಿಂತ ಮೈಕಾನ್ಸ್ ಕೂಡ ಗ್ರಾಸಿಲೆಯಂತೆ ಸಪುರವಾಗಿ ಕಾಣುತ್ತದೆ.

ಫಲಕ ಎಣಿಸುವುದು

ಆಕಾರ ಸಾಲದೆ ಬರುವ ಕಡೆ ಫಲಕಗಳಿಗೆ ಇಳಿಯಬೇಕು. ಕವಚದ ಸೆಲ್ಯುಲೋಸ್ ಫಲಕಗಳು ಮಂಗಳೂರು ಹಂಚಿನಂತೆ ಅಂಚಿನ ಮೇಲೆ ಅಂಚು ಕೂರಿಸಿ ಹೊಂದಿಕೊಂಡಿರುತ್ತವೆ. ಪ್ರತಿ ಹಂಚಿಗೂ ವಿಳಾಸವಿದೆ. ತುದಿಯವು, ನಡುತೋಡಿನ ಮೇಲಿನ ಸಾಲಿನವು, ಕೆಳಗಿನ ಸಾಲಿನವು, ಬುಡದವು ಎಂದು ಸಾಲು ಹಿಡಿದು ಎಣಿಸುವ ಪದ್ಧತಿಯನ್ನು ಚಾರ್ಲ್ಸ್ ಕೊಫಾಯ್ಡ್ 1909ರಲ್ಲಿ ಕೊಟ್ಟರು. ಅದೇ ಇಂದಿಗೂ ನಡೆಯುತ್ತಿದೆ.

ಅಭ್ಯಾಸಕ್ಕೆ ಪ್ರೋಟೋಪೆರಿಡಿನಿಯಮ್ ಒಳ್ಳೆಯದು, ಕೋಶ ದೊಡ್ಡದು, ಕ್ಲೋರೋಪ್ಲಾಸ್ಟ್ ಇಲ್ಲದ್ದರಿಂದ ತಿಳಿ. ಎರಡೇ ಫಲಕ ನೋಡಿ. ಎದೆಬದಿಯ ಮೊದಲ ತುದಿಫಲಕಕ್ಕೆ ನಾಲ್ಕು ಬದಿಗಳಿವೆಯೋ, ಐದೋ, ಆರೋ? ಬೆನ್ನುಬದಿಯಲ್ಲಿ ತುದಿಫಲಕಗಳಿಗೂ ನಡುತೋಡಿನ ಮೇಲಿನ ಸಾಲಿಗೂ ನಡುವೆ ಕೂತಿರುವ, ಸೇರ್ಪಡೆ ಫಲಕಗಳೆಂಬವುಗಳಲ್ಲಿ ನಡುವಿನದಕ್ಕೆ ಎಷ್ಟು ಬದಿ? ಈ ಕುಲದ ಡಿಪ್ರೆಸಮ್ ಮತ್ತು ಡೈವರ್ಜೆನ್ಸ್ ಎರಡಕ್ಕೂ ಬುಡದಲ್ಲಿ ಎರಡು ಕೊಂಬು, ದೂರದಿಂದ ಒಂದೇ ಮುಖ. ಬೆನ್ನಿನ ಆ ಫಲಕ ಎರಡರಲ್ಲೂ ನಾಲ್ಕು ಬದಿಯದೇ. ಎದೆಯ ಫಲಕ ಡಿಪ್ರೆಸಮ್‌ನಲ್ಲಿ ನಾಲ್ಕು ಬದಿಯ ಗಾಳಿಪಟ, ಡೈವರ್ಜೆನ್ಸ್‌ನಲ್ಲಿ ಐದು ಬದಿಯದು. ಒಳಗೆ ಏನೂ ಉಳಿಯದ ಖಾಲಿ ಕವಚ ಸಿಕ್ಕರೆ ಬಿಡಬೇಡಿ, ಅದರಲ್ಲಿ ಗೆರೆಗಳು ಕನ್ನಡಿಯಷ್ಟು ಸ್ಪಷ್ಟ.

ಅಲೆಕ್ಸಾಂಡ್ರಿಯಮ್: ಸೂಕ್ಷ್ಮದರ್ಶಕ ನಿಲ್ಲುವ ಜಾಗ

ಕುಂಬಳೆಯಲ್ಲಿ ಜೀವ ತೆಗೆದ ಬಗೆಯ ವಿಷವನ್ನು, ಅಂದರೆ ಸ್ಯಾಕ್ಸಿಟಾಕ್ಸಿನ್ ಗುಂಪಿನ ವಿಷಗಳನ್ನು, ತಯಾರಿಸುವ ಮುಖ್ಯ ಕುಲ ಇದು. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ನೀರಿನಿಂದ 1960ರಲ್ಲಿ ಹಲೀಂ ಎಂಬ ವಿಜ್ಞಾನಿ ವರ್ಣಿಸಿದ್ದರಿಂದ ಈ ಹೆಸರು. ದುಂಡಗಿನ, ಕೊಂಬಿಲ್ಲದ, ಮುಳ್ಳಿಲ್ಲದ ಕೋಶ. ಹಿಡಿದುಕೊಳ್ಳಲು ಏನೂ ಇಲ್ಲದಂತೆ ತೋರುತ್ತದೆ.

ಲೂಗಾಲ್ ಹಾಕಿದ ಪಾಲಾದರೆ ಮೊದಲು ಸೋಡಿಯಂ ಥಯೋಸಲ್ಫೇಟಿನ ಒಂದು ಹರಳು ಹಾಕಿ ಅಯೋಡಿನ್ ಬಣ್ಣ ತೆಗೆಯಿರಿ, ಬಳಿಕ ಸೋಸಿದ ಕಡಲ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಪ್ರತಿದೀಪ್ತಿ ಸೂಕ್ಷ್ಮದರ್ಶಕ ಇದ್ದರೆ ಕ್ಯಾಲ್ಕೋಫ್ಲೋರ್ ವೈಟ್ ಬಣ್ಣದ ಒಂದು ಹನಿ ಸೇರಿಸಿ. ನೇರಳಾತೀತ ಬೆಳಕಿನಲ್ಲಿ ಫಲಕಗಳ ಗಡಿಗಳು ನೀಲಿಯಾಗಿ ಬೆಳಗುತ್ತವೆ. ಇಲ್ಲದಿದ್ದರೆ ಮನೆಯ ಬ್ಲೀಚನ್ನು ಹತ್ತು ಪಾಲು ನೀರಿನಲ್ಲಿ ತೆಳುಮಾಡಿ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಹನಿಸಿ, ಎದುರಿನ ಅಂಚಿನಿಂದ ಸೋಸುಕಾಗದದಲ್ಲಿ ಎಳೆದುಕೊಳ್ಳಿ. ಕೋಶ ಉಬ್ಬಿ, ಫಲಕಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಸಮಯ ಸ್ವಲ್ಪವೇ ಇರುತ್ತದೆ, ಮೊಬೈಲಿನಲ್ಲಿ ವಿಡಿಯೋ ಹಾಕಿಟ್ಟೇ ಆರಂಭಿಸಿ. ಆಮ್ಲ ಬೆರೆಸಿದ ಲೂಗಾಲ್ ಉಳಿದಿರುವಾಗ ಬ್ಲೀಚ್ ಹಾಕಬೇಡಿ, ಕ್ಲೋರಿನ್ ಅನಿಲ ಹೊರಡುತ್ತದೆ.

ನೋಡಬೇಕಾದದ್ದು ಈ ಕ್ರಮದಲ್ಲಿ. ತುದಿಯ ರಂಧ್ರಫಲಕದಲ್ಲಿ ಅಲ್ಪವಿರಾಮದ ಆಕಾರದ ಸೀಳು ಇದೆಯೇ, ಪಕ್ಕದಲ್ಲಿ ಸರಪಳಿ ಕಟ್ಟುವ ಇನ್ನೊಂದು ರಂಧ್ರ ಇದೆಯೇ. ಮೊದಲ ತುದಿಫಲಕ ಆ ರಂಧ್ರಫಲಕವನ್ನು ಮುಟ್ಟುತ್ತದೆಯೇ ಅಥವಾ ದೂರ ಉಳಿದಿದೆಯೇ. ಮೊದಲನೆಯ ಮತ್ತು ನಾಲ್ಕನೆಯ ತುದಿಫಲಕಗಳ ನಡುವಿನ ಗೆರೆಯ ಮೇಲೆ ಎದೆರಂಧ್ರ ಎಂಬ ಸಣ್ಣ ತೂತು ಇದೆಯೇ, ಇದ್ದರೆ ಎಷ್ಟು ದೊಡ್ಡದು. ನಡುತೋಡಿನ ಮೇಲಿನ ಸಾಲಿನ ಆರನೆಯ ಫಲಕ ಅಗಲವೋ ಸಪುರವೋ. ಮಿನುಟಮ್ ಸಣ್ಣದು, 30 ಮೈಕ್ರಾನ್ ದಾಟುವುದು ಅಪರೂಪ, ಆರನೆಯ ಫಲಕ ಸಪುರ. ಆಸ್ಟೆನ್‌ಫೆಲ್ಡಿಯ ಎದೆರಂಧ್ರ ದೊಡ್ಡದು, ಒಮ್ಮೆ ಕಂಡರೆ ತಪ್ಪುವುದಿಲ್ಲ. ಚಪ್ಪಟೆಯಾಗಿ ಅದುಮಿದಂತಹ ಕೋಶಗಳು ಸರಪಳಿಯಾಗಿ ಸಾಗುತ್ತಿದ್ದರೆ ಕ್ಯಾಟೆನೆಲ್ಲಾ ಕಡೆಯವೇ ಎಂಬ ಅನುಮಾನ ಬರಬೇಕು. ಆದರೆ ಅದು ಅನುಮಾನ ಮಾತ್ರ.

ಈ ಕುಲದ ಒಂದು ಸಮೂಹವನ್ನು ಹಿಂದೆ ಟ್ಯಾಮರೆನ್ಸ್, ಕ್ಯಾಟೆನೆಲ್ಲಾ, ಫಂಡಿಯೆನ್ಸ್ ಎಂದು ಎದೆರಂಧ್ರ ಮತ್ತು ಸರಪಳಿಗಳ ಆಧಾರದಲ್ಲಿ ಮೂರು ಪ್ರಭೇದ ಮಾಡಿದ್ದರು. ಡಿಎನ್‌ಎ ನೋಡಿದಾಗ ಆ ಗುರುತುಗಳು ವಂಶಕ್ಕೆ ಹೊಂದಲಿಲ್ಲ. 2014ರಲ್ಲಿ ಊವೆ ಜಾನ್ ಮತ್ತು ಸಂಗಡಿಗರು ಆ ಸಮೂಹವನ್ನು ಐದು ಪ್ರಭೇದಗಳಾಗಿ ವಿಂಗಡಿಸಿದರು. ಬಳಿಕ ಹೆಸರಿನ ಚರ್ಚೆ ಮುಗಿದು, ಇಂದು ಕ್ಯಾಟೆನೆಲ್ಲಾ, ಪೆಸಿಫಿಕಮ್, ಟ್ಯಾಮರೆನ್ಸ್, ಮೆಡಿಟರೇನಿಯಮ್, ಆಸ್ಟ್ರೇಲಿಯೆನ್ಸ್ ಎಂಬ ಹೆಸರುಗಳು ಬಳಕೆಯಲ್ಲಿವೆ. ಇವುಗಳಲ್ಲಿ ಕೆಲವು ಪ್ರಬಲ ವಿಷಕಾರಿ, ಕೆಲವು ಬಹುಮಟ್ಟಿಗೆ ನಿರುಪದ್ರವಿ. ಕಣ್ಣಿಗೆ ಮಾತ್ರ ಐದೂ ಒಂದೇ. ರೈಬೋಸೋಮಿನ (ಕೋಶದಲ್ಲಿ ಪ್ರೋಟೀನ್ ಕಟ್ಟುವ ಭಾಗದ) ಡಿಎನ್‌ಎ ಓದಿಸದೆ ಇವುಗಳಲ್ಲಿ ಯಾವುದೊಂದರ ಹೆಸರನ್ನೂ ಬರೆಯಬಾರದು. ಪಟ್ಟಿಯಲ್ಲಿ ‘ಅಲೆಕ್ಸಾಂಡ್ರಿಯಮ್ ಟ್ಯಾಮರೆನ್ಸ್ ಸಮೂಹ’ ಎಂದು ಬರೆದು, ಎಥನಾಲ್ ಪಾಲನ್ನು ಪರೀಕ್ಷೆಗೆ ಕಳುಹಿಸಿ. 2014ಕ್ಕಿಂತ ಹಿಂದಿನ ವರದಿಯಲ್ಲಿ ಟ್ಯಾಮರೆನ್ಸ್ ಎಂದಿದ್ದರೆ ಅದನ್ನು ಇಂದಿನ ಟ್ಯಾಮರೆನ್ಸ್ ಎಂದು ಓದಬೇಡಿ.

ಮರುವಾಯಿ, ಬೆಳಚು ಮಾರುವವರು ‘ಈಗ ತಿನ್ನಬಹುದೇ’ ಎಂದು ಕೇಳಿದರೆ ಸ್ಲೈಡ್ ನೋಡಿ ಉತ್ತರ ಕೊಡಬೇಡಿ. ಹಲವು ದೇಶಗಳು ಒಪ್ಪಿರುವ ಮಿತಿ ಒಂದು ಕಿಲೋ ಚಿಪ್ಪುಮಾಂಸಕ್ಕೆ 800 ಮೈಕ್ರೋಗ್ರಾಂ ಸ್ಯಾಕ್ಸಿಟಾಕ್ಸಿನ್ ಸಮಾನ. ಅದನ್ನು ಅಳೆಯುವುದು ಮಾಂಸದಲ್ಲಿ, ನೀರಿನಲ್ಲಲ್ಲ. ಕೋಶ ಕಂಡ ದಿನ, ಜಾಗ, ಎಣಿಕೆಯನ್ನು ಮೀನುಗಾರಿಕೆ ಇಲಾಖೆಗೆ ಆ ದಿನವೇ ತಿಳಿಸುವುದು ನಿಮ್ಮ ಪಾಲಿನ ಕೆಲಸ.

ಚೀಟಿ

ಪ್ರತಿ ಬಾಟಲಿಯೊಳಗೆ ಒಂದು ಕಾಗದದ ಚೀಟಿ ಇರಲಿ, ಹೊರಗೆ ಅಂಟಿಸಿದ್ದು ಕಳಚಿಹೋಗುತ್ತದೆ. ಜಾಗ, ದಿನಾಂಕ, ಗಂಟೆ, ನೀರಿನ ಉಷ್ಣತೆ, ಉಪ್ಪಿನಂಶ, ಬಲೆಯ ಕಣ್ಣು, ಬೆರೆಸಿದ ದ್ರಾವಣ ಎಲ್ಲವನ್ನೂ ಬರೆಯಿರಿ. ಗಂಟೆಯನ್ನು ಮರೆಯಬೇಡಿ, ಕೊಂಬು ಗಿಡ್ಡವಾಗಿರಲು ಕಾರಣ ಆ ಗಂಟೆಯಲ್ಲೇ ಇರಬಹುದು. ಹೆಸರನ್ನು ಬೇರೆ ಚೀಟಿಯಲ್ಲಿ, ಯಾರು ಗುರುತಿಸಿದರು, ಯಾವ ವರ್ಷ, ಯಾವ ಗುರುತಿನ ಆಧಾರದ ಮೇಲೆ ಎಂಬುದರೊಂದಿಗೆ ಬರೆದಿಡಿ. ನಾಳೆ ಹೆಸರು ಬದಲಾದರೆ ಹಳೆಯ ಚೀಟಿಯನ್ನು ತೆಗೆಯದೆ ಹೊಸದನ್ನು ಜೊತೆಗೆ ಸೇರಿಸಿ. ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆಯಿರಿ, ಎಥನಾಲ್‌ನಲ್ಲಿ ಪೆನ್ನಿನ ಶಾಯಿ ಉಳಿಯುವುದಿಲ್ಲ.